ಆಡುವ ಎಲೆ, ಉಣ್ಣುವ ಎಲೆ

ಎಲೆಯೆಂಬ ಎರಡಕ್ಷರದ ಮಾತಿಗೆ ಕನ್ನಡದಲ್ಲಿ ಎಷ್ಟೊಂದು ಕೆಲಸ! ಮರದ ಮೇಲಿದ್ದರೆ ಅದು ಎಲೆ. ಸುಣ್ಣ ಸವರಿ ಮಡಿಸಿದರೆ ತಾಂಬೂಲದ ಎಲೆ. ಪಂಕ್ತಿಯಲ್ಲಿ ಹಾಸಿದರೆ ಊಟದ ಎಲೆ. ಜಮಖಾನೆಯ ಮೇಲೆ ಕಲಸಿ ಹಂಚಿದರೆ ಇಸ್ಪೀಟಿನ ಎಲೆ. ಮೊದಲ ಮೂರಕ್ಕೂ ಗೃಹಸ್ಥರ ಮನೆಯಲ್ಲಿ ಮರ್ಯಾದೆಯುಂಟು. ನಾಲ್ಕನೆಯದು ಹೊಸ್ತಿಲು ದಾಟಿ ಒಳಗೆ ಬಂದಿತೆಂದರೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಎಲೆ ಹಿಡಿದ ಕೈ ಹೊಲ ಮನೆ ಕಳೆಯಿತೆಂಬ ಕಥೆ ಯಾವ ಊರಿನಲ್ಲಿ ಇಲ್ಲ? ಆದರೆ ತಪ್ಪು ಎಲೆಯದೋ, ಅದರ ಮೇಲೆ ಇಟ್ಟ ಪಣದ್ದೋ ಎಂದು ವಿಚಾರಿಸಿದವರು ಕಡಿಮೆ. ಪಣವನ್ನು ತೆಗೆದು, ಅದರ ಜಾಗದಲ್ಲಿ ಊಟವನ್ನು ತಂದಿಟ್ಟರೆ ಏನಾದೀತು? ಆಡುವ ಎಲೆಯನ್ನೂ ಉಣ್ಣುವ ಎಲೆಯನ್ನೂ ಒಂದುಗೂಡಿಸಿದರೆ ಮಕ್ಕಳ ಕೈಗೆ ಕೊಡಬಹುದಾದ ಆಟವೊಂದು ಹುಟ್ಟೀತೆ?

ಹುಟ್ಟಿದೆ, ಆದರೆ ನಮ್ಮಲ್ಲಲ್ಲ. ಆ ಆಟದ ಹೆಸರು ‘ಸುಶಿ ಗೋ’. ಸುಶಿಯೆಂದರೆ ಹುಳಿಯೊಡಗೂಡಿದ ಅನ್ನದ ಮೇಲೆ ಮೀನಿನ ತುಂಡನ್ನೋ ಮೊಟ್ಟೆಯನ್ನೋ ಇಟ್ಟು ತಿನ್ನುವ ಜಪಾನಿ ತಿನಿಸು. ಆಟವನ್ನು ಹೂಡಿದವರು ಮಾತ್ರ ಜಪಾನಿನವರಲ್ಲ. ಆಸ್ಟ್ರೇಲಿಯಾದ ಸಿಡ್ನಿ ನಗರದ ಫಿಲ್ ವಾಕರ್-ಹಾರ್ಡಿಂಗ್ ಎಂಬವರು. ೨೦೧೩ರಲ್ಲಿ ಅವರೇ ಅದನ್ನು ಹೊರತಂದರು. ಮರುವರ್ಷ ಅಮೆರಿಕದ ಪ್ರಕಾಶಕರೊಬ್ಬರು ಕೈಗೆತ್ತಿಕೊಂಡ ಮೇಲೆ ಅದು ದೇಶದೇಶಗಳಿಗೆ ಹರಡಿತು. ಒಟ್ಟು ೧೦೮ ಎಲೆಗಳು. ನಮ್ಮ ಜಪಮಾಲೆಯ ಮಣಿಗಳಷ್ಟೇ! ಒಂದೊಂದು ಎಲೆಯ ಮೇಲೂ ಒಂದೊಂದು ತಿನಿಸಿನ ಚಿತ್ರ. ಆ ತಿನಿಸಿಗೆ ದುಂಡನೆಯ ಎರಡು ಕಣ್ಣು, ನಗುವ ಪುಟ್ಟ ಬಾಯಿ. ಹಸಿ ಮೀನೆಂದರೆ ಮೂಗು ಮುಚ್ಚಿಕೊಳ್ಳುವ ಮನೆಯ ಮಗುವೂ ಆ ಚಿತ್ರಗಳನ್ನು ಕಂಡರೆ ಕೈ ಚಾಚದಿರದು.

ಆಟದ ಮೂಲದಲ್ಲಿ ಇನ್ನೊಂದು ಸೋಜಿಗವಿದೆ. ೧೯೫೮ರಲ್ಲಿ ಜಪಾನಿನ ಒಸಾಕಾ ಪ್ರಾಂತದಲ್ಲಿ ಯೋಶಿಆಕಿ ಶಿರಾಯಿಶಿ ಎಂಬವರು ಒಂದು ಹೊಸ ಬಗೆಯ ಉಪಾಹಾರಗೃಹವನ್ನು ತೆರೆದರು. ಬಿಯರ್ ಕಾರ್ಖಾನೆಯಲ್ಲಿ ಸೀಸೆಗಳು ಪಟ್ಟಿಯ ಮೇಲೆ ಸಾಲಾಗಿ ಸಾಗಿಹೋಗುವುದನ್ನು ಅವರು ಕಂಡಿದ್ದರು. ಸೀಸೆ ಸಾಗುವುದಾದರೆ ತಟ್ಟೆ ಏಕೆ ಸಾಗಬಾರದು? ಮಾಣಿಯಿಲ್ಲದೆ, ಕೂಗಿಲ್ಲದೆ, ತಿನಿಸಿನ ತಟ್ಟೆಗಳು ತಿರುಗುವ ಪಟ್ಟಿಯ ಮೇಲೆ ಗಿರಾಕಿಯ ಮುಂದೆಯೇ ಹಾದುಹೋಗತೊಡಗಿದವು. ಬೇಕಾದುದನ್ನು ಎತ್ತಿಕೊಳ್ಳಬೇಕು, ಬಿಟ್ಟರೆ ಪಕ್ಕದವನು ಎತ್ತಿಕೊಳ್ಳುತ್ತಾನೆ. ಸುಶಿ ಗೋ ಆಟದ ಜೀವವೂ ಇದೇ. ಪ್ರತಿಯೊಬ್ಬನಿಗೂ ಕೆಲವು ಎಲೆಗಳನ್ನು ಹಂಚುತ್ತಾರೆ. ನಾಲ್ವರು ಕುಳಿತರೆ ತಲೆಗೆ ೮. ಎಲ್ಲರೂ ಒಂದೊಂದನ್ನು ಆರಿಸಿ ಮುಂದಿಟ್ಟುಕೊಂಡು, ಉಳಿದುದನ್ನು ಪಕ್ಕದವರಿಗೆ ದಾಟಿಸುತ್ತಾರೆ. ಆ ಕಡೆಯಿಂದ ಬಂದುದರಲ್ಲಿ ಮತ್ತೊಂದನ್ನು ಆರಿಸುತ್ತಾರೆ. ಹೀಗೆ ಎಲೆಗಳು ಮುಗಿಯುವವರೆಗೆ. ಇಂಥ ಮೂರು ಸುತ್ತುಗಳಾದರೆ ಆಟ ಮುಗಿಯಿತು. ಕಾಲು ಗಂಟೆ ಸಾಕು.

ಚಿತ್ರ ಮುದ್ದಾಗಿದೆಯೆಂದ ಮಾತ್ರಕ್ಕೆ ಆಟ ಚೆನ್ನಾಗಿರಬೇಕೆಂದಿಲ್ಲ. ಇದರ ಹೆಚ್ಚುಗಾರಿಕೆಯಿರುವುದು ಚಿತ್ರದ ಹಿಂದಿನ ಲೆಕ್ಕದಲ್ಲಿ. ತೆಂಪುರವೆಂಬ ಕರಿದ ತಿನಿಸಿನ ಎಲೆ ಒಂದೇ ಸಿಕ್ಕಿದರೆ ಸೊನ್ನೆ; ಜೊತೆಯಾದರೆ ೫ ಅಂಕ. ಸಶಿಮಿಯೆಂಬ ಹಸಿ ಮೀನಿನ ಎಲೆ ಮೂರು ಕೂಡಿದರೆ ೧೦. ಎರಡಕ್ಕೆ ಏನೂ ಇಲ್ಲ. ಕಡುಬಿನಂಥ ತಿನಿಸಿಗೆ ಒಂದಕ್ಕೆ ೧, ಎರಡಕ್ಕೆ ೩, ಮೂರಕ್ಕೆ ೬, ನಾಲ್ಕಕ್ಕೆ ೧೦, ಐದಕ್ಕೆ ೧೫. ಕೂಡಿಟ್ಟವನಿಗೆ ಬಡ್ಡಿಯ ಮೇಲೆ ಬಡ್ಡಿ. ವಸಾಬಿಯೆಂಬ ಖಾರದ ಹಸುರು ಮುದ್ದೆಗೆ ತನ್ನದೆಂಬ ಬೆಲೆಯಿಲ್ಲ. ಅದರ ಮೇಲೆ ಸುಶಿಯ ಎಲೆ ಬಂದು ಕುಳಿತರೆ ಅದರ ಬೆಲೆಯನ್ನು ಮೂರರಷ್ಟು ಮಾಡುತ್ತದೆ. ಕಡೆಯದು ಪುಡಿಂಗೆಂಬ ಸಿಹಿ. ಅದನ್ನು ಮೂರೂ ಸುತ್ತು ಕೂಡಿಡಬೇಕು. ಆಟದ ಕೊನೆಯಲ್ಲಿ ಎಲ್ಲರಿಗಿಂತ ಹೆಚ್ಚು ಇಟ್ಟವನಿಗೆ ೬ ಅಂಕ, ಎಲ್ಲರಿಗಿಂತ ಕಡಿಮೆ ಇಟ್ಟವನಿಗೆ ೬ ಅಂಕದ ದಂಡ.

ಈ ಅಂಕಗಳು ಬಾಯಿಗೆ ಬಂದಂತೆ ಕೊಟ್ಟವಲ್ಲ. ೧೦೮ರಲ್ಲಿ ಸಶಿಮಿಯ ಎಲೆಗಳು ೧೪. ನಾಲ್ವರು ಆಡುವಾಗ ಒಂದು ಸುತ್ತಿಗೆ ಹಂಚುವುದು ೩೨ ಎಲೆ. ಹಾಗಾದರೆ ಒಂದು ಸುತ್ತಿನಲ್ಲಿ ಸರಾಸರಿ ನಾಲ್ಕೇ ಸಶಿಮಿಗಳು ಹೊರಬಂದಾವು. ಒಬ್ಬನೇ ಬೆನ್ನಟ್ಟಿದರೆ ಅವನಿಗೆ ಮೂರು ಸಿಕ್ಕೀತು. ಇಬ್ಬರು ಬೆನ್ನಟ್ಟಿದರೆ ಇಬ್ಬರಿಗೂ ಎರಡೆರಡಾಗಿ ಇಬ್ಬರೂ ಬರಿಗೈ! ಆದುದರಿಂದ ಆಡುವವನು ತನ್ನ ಕೈಯನ್ನು ನೋಡಿಕೊಂಡರೆ ಸಾಲದು. ಎದುರಿನವನ ಮನಸ್ಸಿನಲ್ಲಿ ಏನಿದೆಯೆಂಬುದನ್ನೂ ಊಹಿಸಬೇಕು. ಖಾರದ ಮುದ್ದೆ ಊಟದಲ್ಲಿ ಮಾಡುವ ಕೆಲಸವನ್ನೇ ಆಟದಲ್ಲಿಯೂ ಮಾಡುತ್ತದೆ. ಊಟದ ಕೊನೆಯ ಸಿಹಿ ಆಟದ ಕೊನೆಗೇ ಬರುತ್ತದೆ. ತಿನಿಸಿನ ಗುಣ ನಿಯಮವಾಗಿ ಪರಿಣಮಿಸಿದೆ. ಮುದ್ದಾದ ಮುಖ ಮಗುವನ್ನು ಕರೆದು ಕೂರಿಸುತ್ತದೆ. ಕುಳಿತವರನ್ನು ಏಳದಂತೆ ಹಿಡಿದಿಡುವುದು ಈ ಹೊಂದಾಣಿಕೆ.

ಇನ್ನು ಜಪಾನಿನ ಮಾತು. ಇಸ್ಪೀಟಿನ ಎಲೆಗಳು ಆ ದೇಶದ ಸ್ವಂತ ಸೊತ್ತೇನಲ್ಲ. ೧೬ನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗುಗಳು ಅವನ್ನು ಅಲ್ಲಿಗೆ ಒಯ್ದವು. ಪೋರ್ತುಗೀಸರ ‘ಕಾರ್ತ’ ಜಪಾನಿಗರ ಬಾಯಲ್ಲಿ ‘ಕರುತ’ವಾಯಿತು. ಎಲೆಯೊಡನೆ ಜೂಜೂ ಬೆಳೆಯಿತು, ಆಳುವವರು ನಿಷೇಧಿಸಿದರು, ಒಂದು ಬಗೆಯನ್ನು ನಿಷೇಧಿಸಿದರೆ ಜನ ಇನ್ನೊಂದು ಬಗೆಯ ಚಿತ್ರ ಬರೆದು ಆಡಿದರು. ಈ ಹಗ್ಗಜಗ್ಗಾಟದ ನಡುವೆ ಪರದೇಶದ ಎಲೆಯ ಮೇಲೆ ಸ್ವದೇಶದ ಬದುಕು ಬಂದು ಕುಳಿತಿತು. ನೂರು ಕವಿಗಳ ನೂರು ಪದ್ಯಗಳನ್ನು ಎಲೆಗಳಿಗೆ ಹಂಚಿ, ಮೊದಲ ಸಾಲನ್ನು ಓದುತ್ತಲೇ ಅದರ ಉಳಿದ ಸಾಲುಗಳಿರುವ ಎಲೆಯನ್ನು ಹುಡುಕಿ ತೆಗೆಯುವ ಆಟ ಹುಟ್ಟಿತು. ಮಕ್ಕಳಿಗಾಗಿ ಗಾದೆಗಳ ಎಲೆಗಳಾದವು. ಹನ್ನೆರಡು ತಿಂಗಳ ಹೂಗಿಡಗಳನ್ನು ತಿಂಗಳಿಗೆ ನಾಲ್ಕರಂತೆ ೪೮ ಎಲೆಗಳಲ್ಲಿ ಚಿತ್ರಿಸಿದ ‘ಹನಫುದಾ’ ಮನೆಮನೆಯ ಆಟವಾಯಿತು. ೧೮೮೯ರಲ್ಲಿ ಕ್ಯೋಟೋ ನಗರದಲ್ಲಿ ಫುಸಾಜಿರೋ ಯಮಾಉಚಿ ಎಂಬವರು ಈ ಹೂವಿನೆಲೆಗಳನ್ನು ತಯಾರಿಸುವುದಕ್ಕಾಗಿಯೇ ಒಂದು ಅಂಗಡಿ ಹಾಕಿದರು. ಅದೇ ಮುಂದೆ ಲೋಕದ ಮಕ್ಕಳೆಲ್ಲ ಬಲ್ಲ ನಿಂಟೆಂಡೋ ಸಂಸ್ಥೆಯಾಗಿ ಬೆಳೆಯಿತು. ವಿದ್ಯುನ್ಮಾನ ಆಟಗಳ ದೊರೆಯಾದ ಮೇಲೂ ಅದು ಹೂವಿನೆಲೆಗಳನ್ನು ಬಿಟ್ಟಿಲ್ಲ.

ಇನ್ನೂ ಒಂದು ಮಾತು. ಸುಶಿ ಗೋ ಆಟದಲ್ಲಿ ಜಪಾನಿ ತಿನಿಸೆಂದು ಮೆರೆಯುವ ತೆಂಪುರವೂ ಪೋರ್ತುಗೀಸರಿಂದ ಜಪಾನಿಗೆ ಬಂದ ಅಡುಗೆ! ಎಲೆಯನ್ನು ತಂದ ಹಡಗೇ ತಿನಿಸನ್ನೂ ತಂದಿತು. ನಾವೇನೂ ನಗುವಂತಿಲ್ಲ. ಮೆಣಸಿನಕಾಯಿಯಿಲ್ಲದ ಬಯಲುಸೀಮೆಯ ಊಟವನ್ನು ಇಂದು ಯಾರಾದರೂ ಊಹಿಸಬಲ್ಲರೆ? ಅದು ಅಮೆರಿಕ ಖಂಡದಲ್ಲಿ ಹುಟ್ಟಿ, ಪೋರ್ತುಗೀಸರ ಕೈಯಿಂದ ನಮ್ಮ ಕರಾವಳಿಗೆ ಇಳಿದುದು. ಶೇಂಗಾದ ತವರೂ ಆ ಖಂಡವೇ. ಎರವಲಾಗಿ ಬಂದುದು ತನ್ನದಾಗುವುದಕ್ಕೆ ಹುಟ್ಟಿನ ಹಕ್ಕುಪತ್ರ ಬೇಡ. ದಿನದಿನದ ಬಳಕೆ ಸಾಕು.

ಹಾಗಾದರೆ ಕನ್ನಡನಾಡಿನಲ್ಲಿ ಎಲೆಯಾಟ ಹೂಡಿದವರೇ ಇರಲಿಲ್ಲವೆ? ಇದ್ದರು, ಸಾಮಾನ್ಯರಲ್ಲ, ಮೈಸೂರಿನ ಅರಸರೇ. ಪರ್ಷಿಯದ ಕಡೆಯಿಂದ ಬಂದ ಗಂಜೀಫಾ ಎಂಬ ದುಂಡನೆಯ ಎಲೆಗಳ ಆಟ ಮೊಗಲರ ಕಾಲಕ್ಕೆ ಭಾರತದಲ್ಲಿ ನೆಲೆಯೂರಿತು. ೧೫೨೭ರಲ್ಲಿ ತನ್ನ ಗೆಳೆಯನೊಬ್ಬನಿಗೆ ಗಂಜೀಫಾ ಕಳುಹಿಸಿದುದನ್ನು ಬಾಬರನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಮೊಗಲರದು ಎಂಟು ಬಣ್ಣ, ಬಣ್ಣಕ್ಕೆ ಹನ್ನೆರಡು, ಒಟ್ಟು ೯೬ ಎಲೆ. ನಮ್ಮ ಜನ ಅದರ ಮೇಲೆ ದಶಾವತಾರವನ್ನು ಬರೆದರು. ಹತ್ತು ಬಣ್ಣ, ೧೨೦ ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಅಷ್ಟಕ್ಕೆ ತೃಪ್ತರಾಗಲಿಲ್ಲ. ಆಟಗಳಲ್ಲಿ ಅಪಾರ ಆಸಕ್ತಿಯಿದ್ದ ಅವರು ದೇವತೆಗಳನ್ನೂ ಗ್ರಹಗಳನ್ನೂ ತುಂಬಿದ ಹೊಸ ಹೊಸ ಎಲೆಯಾಟಗಳನ್ನು ಕಲ್ಪಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳ ವಿವರಣೆಯಿದೆ. ಆ ಆಟಗಳಿಗೆ ‘ಛದ’ವೆಂದು ಹೆಸರು. ಸಂಸ್ಕೃತದಲ್ಲಿ ಛದವೆಂದರೆ ಎಲೆಯೇ! ಕೆಲವು ಛದಗಳಿಗೆ ಹದಿನೆಂಟರವರೆಗೆ ಬಣ್ಣಗಳು; ಎಲೆಗಳ ಸಂಖ್ಯೆ ೩೬೦ರವರೆಗೆ.

ಮುನ್ನೂರ ಅರವತ್ತು ಎಲೆಗಳನ್ನು ಯಾವ ಕೈ ಹಿಡಿದೀತು? ಯಾವ ಮಗು ನೆನಪಿಟ್ಟೀತು? ಅರಮನೆಯ ವಿರಾಮಕ್ಕೆ ಅದು ತಕ್ಕುದು. ಒಲೆಯ ಮೇಲೆ ಎಸರಿಟ್ಟು ಬಂದ ಗೃಹಿಣಿಗೆ ತಕ್ಕುದಲ್ಲ. ಒಂದೊಂದು ಎಲೆಯನ್ನೂ ಕೈಯಿಂದಲೇ ಚಿತ್ರಿಸಬೇಕು. ಬೆಲೆಯೂ ಅದಕ್ಕೆ ತಕ್ಕಂತೆ. ಪರದೇಶದಿಂದ ಅಚ್ಚಾದ ೫೨ ಎಲೆಗಳ ಅಗ್ಗದ ಕಟ್ಟು ಬಂದಾಗ ಗಂಜೀಫಾ ಹಿಂದೆ ಸರಿಯಿತು. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಪಟ್ಟುಹಿಡಿದು ಆ ಚಿತ್ರಕಲೆಯನ್ನು ಉಳಿಸಿದರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಇಂದು ಅದನ್ನು ಗೋಡೆಯ ಮೇಲೆ ತೂಗುಹಾಕುವವರು ಬಹಳ, ಆಡುವವರು ವಿರಳ. ಚಿತ್ರ ಬದುಕಿತು, ಆಟ ಬಡವಾಯಿತು. ಹೊಸದಾಗಿ ಆಟ ಹೂಡುವವರು ಇದರಿಂದ ಕಲಿಯಬೇಕಾದ ಪಾಠ ಒಂದೇ: ಎಲೆ ಕಡಿಮೆಯಿರಲಿ, ನಿಯಮ ಸುಲಭವಿರಲಿ, ವಸ್ತು ಮನೆಯೊಳಗಿನದೇ ಆಗಿರಲಿ.

ಮನೆಯೊಳಗಿನ ವಸ್ತುವೆಂದಾಗ ಯಾವ ಮನೆಯೆಂದು ಹೇಳಬೇಕಷ್ಟೆ. ನಾಲವಾರದ ಮನೆಯೆಂದಿಟ್ಟುಕೊಳ್ಳೋಣ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಈ ಊರು ವಾಡಿ ಜಂಕ್ಷನ್ನಿನಿಂದ ಯಾದಗಿರಿಯ ಕಡೆಗೆ ಹೋಗುವ ರೈಲು ಹಾದಿಯಲ್ಲಿದೆ. ಅಶೋಕನ ಶಾಸನ ದೊರೆತ ಸನ್ನತಿಯನ್ನು ನೋಡಬೇಕೆನ್ನುವವರು ಈ ನಿಲ್ದಾಣದಲ್ಲಿ ಇಳಿಯುವುದುಂಟು; ಉಳಿದವರು ರೈಲಿನ ಕಿಟಕಿಯಿಂದ ಹೆಸರು ಓದಿ ಮುಂದೆ ಸಾಗುತ್ತಾರೆ. ಬೇಸಗೆಯಲ್ಲಿ ಇಲ್ಲಿನ ಬಿಸಿಲು ೪೦ ಡಿಗ್ರಿ ಸೆಲ್ಸಿಯಸನ್ನು ದಾಟುವುದು ಹೊಸ ಸುದ್ದಿಯಲ್ಲ. ಹನ್ನೊಂದರಿಂದ ಐದರವರೆಗೆ ಬೀದಿ ಬರಿದಾಗಿರುತ್ತದೆ. ಒಳಗೆ ಶಹಾಬಾದಿನ ಫರಸಿಕಲ್ಲಿನ ತಂಪು ನೆಲ; ನೆಲದ ಮೇಲೆ ರಜೆಯ ಮಕ್ಕಳು. ಹಿಂದೆ ಆ ಕಲ್ಲಿನ ಮೇಲೆಯೇ ಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದು, ಕವಡೆ ಉರುಳಿಸಿ ಮಧ್ಯಾಹ್ನ ಕಳೆಯುತ್ತಿದ್ದರು. ಈಗ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲು. ಒಂದೇ ಕೋಣೆಯಲ್ಲಿದ್ದೂ ನಾಲ್ವರು ನಾಲ್ಕು ಊರಿನಲ್ಲಿದ್ದಂತೆ. ಆಟ ಬೇಕಾಗಿರುವುದು ಈ ಹೊತ್ತಿಗೆ, ಈ ನೆಲದ ಮೇಲೆ.

ಈ ಮನೆಯ ಊಟವಾದರೂ ಏನು? ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿಮೆಣಸಿನಕಾಯಿ; ಹಬ್ಬ ಬಂದರೆ ಹೂರಣದ ಹೋಳಿಗೆ. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಲೋಕದ ದೊಡ್ಡ ದೊಡ್ಡ ನಗರಗಳು ಜೋಳದ ಗುಣಗಾನ ಮಾಡಿದವು. ನಾಲವಾರದ ಹಂಚು ಅದನ್ನು ಕೇಳಿ ಬೀಗಲೂ ಇಲ್ಲ, ಬೆಚ್ಚಲೂ ಇಲ್ಲ. ತೊಗರಿಯ ಕಣಜವೆನಿಸಿದ ಜಿಲ್ಲೆಯಿದು; ಕಲಬುರಗಿಯ ತೊಗರಿಗೆ ೨೦೧೯ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆದರೂ ಆಟದಲ್ಲಿ ತೊಗರಿಗೆ ಬೇರೆ ಎಲೆ ಬೇಡ. ಪುಂಡಿಪಲ್ಯದೊಳಗೆ ಅದು ಆಗಲೇ ಬೆಂದು ಒಂದಾಗಿರುತ್ತದೆ.

ಎಲೆಗಳು ೬೦ ಸಾಕು. ಬಿಸಿರೊಟ್ಟಿ ೧೨, ಖಡಕ್ ರೊಟ್ಟಿ ೮, ಶೇಂಗಾ ಹಿಂಡಿ ೧೦, ಪುಂಡಿಪಲ್ಯ ೮, ಎಣ್ಣೆಗಾಯಿ ೬, ಮೊಸರು ೬, ಹಸಿಮೆಣಸಿನಕಾಯಿ ೬, ಹೋಳಿಗೆ ೪. ಪಲ್ಯಕ್ಕಿಂತ ರೊಟ್ಟಿ ಹೆಚ್ಚಿರಬೇಕಾದುದು ಹಸಿದ ಮನೆಯ ನ್ಯಾಯ. ಇನ್ನು ತಿನಿಸಿನ ಗುಣ ನಿಯಮವಾಗಬೇಕಲ್ಲ? ರೊಟ್ಟಿಯಿಲ್ಲದೆ ಪಲ್ಯಕ್ಕೆ ಅಂಕವಿಲ್ಲ. ಪಲ್ಯವಿಲ್ಲದೆ ರೊಟ್ಟಿಗೂ ಇಲ್ಲ. ರೊಟ್ಟಿಯೊಡನೆ ಎಣ್ಣೆಗಾಯಿ ಕೂಡಿದರೆ ೫, ಪುಂಡಿಪಲ್ಯ ಕೂಡಿದರೆ ೩. ಬಿಸಿರೊಟ್ಟಿಗೆ ಅದೇ ಸುತ್ತಿನಲ್ಲಿ ಜೊತೆ ಸಿಗಬೇಕು. ಸಿಗದಿದ್ದರೆ ಅದು ಆರಿಹೋಯಿತು, ಕಟ್ಟಿಗೆ ಮರಳಿತು. ಖಡಕ್ ರೊಟ್ಟಿಯಾದರೋ ವಾರಗಟ್ಟಲೆ ಕೆಡದು. ದೂರದ ಪ್ರಯಾಣಕ್ಕೂ ಪರವೂರಿನಲ್ಲಿ ಓದುವ ಮಗನ ಪೆಟ್ಟಿಗೆಗೂ ಅದೇ ತಕ್ಕ ಬುತ್ತಿ. ಆಟದಲ್ಲಿಯೂ ಅದನ್ನು ಮುಂದಿನ ಸುತ್ತಿಗೆ ಕಾಯ್ದಿಡಬಹುದು. ಹಿಂಡಿಗೆ ಒಂದಕ್ಕೆ ೧, ಎರಡಕ್ಕೆ ೩, ಮೂರಕ್ಕೆ ೬. ಮೆಣಸಿನಕಾಯಿಗೆ ಮೊಸರು ಕೂಡಿದರೆ ೪ ಅಂಕ; ಮೊಸರಿಲ್ಲದೆ ಕಚ್ಚಿದವನಿಗೆ ೨ ಅಂಕ ಕಳೆಯಬೇಕು. ಹೋಳಿಗೆಗೆ ೬, ಅದಕ್ಕೆ ಯಾರ ಶಿಫಾರಸೂ ಬೇಡ.

ಇಲ್ಲಿಯವರೆಗೆ ಎಲ್ಲವೂ ಸುಶಿಯ ಹಾದಿಯಲ್ಲೇ ಸುಲಭವಾಗಿ ಸಾಗಿತು. ತೊಡಕು ಬರುವುದು ಮುಂದೆ. ಜಪಾನಿನ ತಿರುಗುವ ಪಟ್ಟಿಯ ಮುಂದೆ ಕುಳಿತವನಿಗೆ ಬಡಿಸುವವರು ಯಾರೂ ಇಲ್ಲ. ತಟ್ಟೆ ತಾನಾಗಿ ಬರುತ್ತದೆ. ಎಲ್ಲರೂ ಏಕಕಾಲಕ್ಕೆ ಎತ್ತಿಕೊಳ್ಳುತ್ತಾರೆ. ನಾಲವಾರದ ಮನೆಯಲ್ಲಿ ರೊಟ್ಟಿ ತಾನಾಗಿ ಬಂದುದುಂಟೆ? ಅದನ್ನು ಬಡಿದವರೊಬ್ಬರಿದ್ದಾರೆ, ಹಂಚಿನ ಮುಂದೆ ಕುಳಿತು ಬೇಯಿಸಿದವರಿದ್ದಾರೆ, ಒಬ್ಬೊಬ್ಬರ ತಾಟನ್ನೂ ನೋಡಿ ನೋಡಿ ಬಡಿಸಿದವರಿದ್ದಾರೆ. ಮೂವರೂ ಒಬ್ಬರೇ; ಮತ್ತು ಅವರು ಉಣ್ಣುವುದು ಎಲ್ಲರೂ ಎದ್ದ ಮೇಲೆ. ಎಣ್ಣೆಗಾಯಿ ಮುಗಿದಿದ್ದರೆ ಪಾತ್ರೆಯ ತಳದ ಮಸಾಲೆ. ಬಿಸಿರೊಟ್ಟಿ ಮುಗಿದಿದ್ದರೆ ಆರಿದ ರೊಟ್ಟಿ. ಇದನ್ನು ಬಿಟ್ಟು ನಮ್ಮ ಊಟದ ಆಟವೊಂದನ್ನು ಹೂಡಿದರೆ ಚಿತ್ರವಷ್ಟೇ ನಮ್ಮದಾದೀತು. ಊಟ ಪರರದ್ದಾಗಿಯೇ ಉಳಿದೀತು.

ಆದುದರಿಂದ ಆಟದಲ್ಲಿ ಬಡಿಸುವವರೊಬ್ಬರು ಇರಲೇಬೇಕು. ನಾಲ್ವರು ಆಡುವಾಗ ಪ್ರತಿ ಸುತ್ತಿನಲ್ಲಿಯೂ ಒಬ್ಬರು ಬಡಿಸುವವರು. ಅವರು ಕಟ್ಟಿನಿಂದ ೮ ಎಲೆಗಳನ್ನು ಕೈಗೆ ತೆಗೆದುಕೊಂಡು, ಅದರಲ್ಲಿ ೪ನ್ನು ನಡುವೆ ಬಿಚ್ಚಿಡಬೇಕು. ಉಳಿದ ಮೂವರು ಕಿರಿಯರಿಂದ ಮೊದಲುಗೊಂಡು ಒಬ್ಬೊಬ್ಬರಾಗಿ ಒಂದೊಂದನ್ನು ಎತ್ತಿಕೊಳ್ಳುತ್ತಾರೆ; ಕಡೆಗೆ ಉಳಿದುದು ಬಡಿಸಿದವರದು. ಕೈಯನ್ನು ಮತ್ತೆ ೮ಕ್ಕೆ ತುಂಬಿಕೊಂಡು ಮತ್ತೆ ೪ನ್ನು ಬಡಿಸಬೇಕು. ಹೀಗೆ ಆರು ಸಲವಾದರೆ ಒಂದು ಸುತ್ತು. ಅಂಕ ಬರೆದುಕೊಂಡು, ಕಾಯ್ದಿಟ್ಟ ಖಡಕ್ ರೊಟ್ಟಿಯನ್ನು ಬಿಟ್ಟು ಉಳಿದ ಎಲೆಗಳನ್ನೆಲ್ಲ ಕಲಸಬೇಕು.

ಕಡೆಯದನ್ನು ತೆಗೆದುಕೊಳ್ಳುವವರು ಸೋಲುವುದು ಖಂಡಿತವಲ್ಲವೆ? ಆಟ ಹೂಡುವವರಿಗೆ ಮೊದಲು ತೋಚುವ ಪರಿಹಾರ ಅವರಿಗೆ ನಾಲ್ಕಾರು ಅಂಕಗಳ ಬಹುಮಾನ ಕೊಡುವುದು. ಅದು ಲೆಕ್ಕವನ್ನು ಸರಿಮಾಡೀತು, ಸತ್ಯವನ್ನು ಕೆಡಿಸೀತು. ಮನೆಯಲ್ಲಿ ಬಡಿಸಿದವರಿಗೆ ಯಾರು ಅಂಕ ಕೊಟ್ಟಿದ್ದಾರೆ? ಬಾಯಿಮಾತಿನ ಹೊಗಳಿಕೆಯನ್ನು ಕೊಟ್ಟು ಕೈತೊಳೆದುಕೊಳ್ಳುವ ಹಳೆಯ ಅಭ್ಯಾಸವೇ ಆಟಕ್ಕೂ ಬಂದಂತಾಗುತ್ತದೆ. ನ್ಯಾಯದ ದಾರಿ ಬೇರೆಯೇ ಇದೆ: ನಾಲ್ಕು ಸುತ್ತು, ನಾಲ್ವರು, ಒಬ್ಬೊಬ್ಬರಿಗೂ ಒಂದೊಂದು ಸರದಿ. ತಂದೆಗೂ ತಪ್ಪದು, ಮಗನಿಗೂ ತಪ್ಪದು. ನಷ್ಟವನ್ನು ದುಡ್ಡಿನಿಂದ ತುಂಬುವುದಲ್ಲ, ಸಮನಾಗಿ ಹೊರುವುದು.

ಹಾಗೆಂದು ಬಡಿಸುವವರು ಬರಿಯ ಬಲಿಪಶುವೂ ಅಲ್ಲ. ಎಂಟರಲ್ಲಿ ನಾಲ್ಕನ್ನು ಆರಿಸುವ ಅಧಿಕಾರ ಅವರದು. ಯಾರ ಮುಂದೆ ಪಲ್ಯವಿದೆ, ಯಾರಿಗೆ ರೊಟ್ಟಿ ಬೇಕು, ಯಾರು ಮೊಸರಿಗಾಗಿ ಬಾಯಿಬಿಡುತ್ತಿದ್ದಾರೆಂಬುದನ್ನು ಕಣ್ಣಿಟ್ಟು ನೋಡಿ, ಮೂವರಿಗೂ ಬೇಕಾದುದನ್ನು ಮೂರು ಎಲೆಗಳಲ್ಲಿ ಇಟ್ಟರೆ, ತಮಗೆ ಬೇಕಾದ ನಾಲ್ಕನೆಯದು ತಾನಾಗಿ ಉಳಿಯುತ್ತದೆ. ಇತರರ ರುಚಿಯನ್ನು ಚೆನ್ನಾಗಿ ಬಲ್ಲವರೇ ಇಲ್ಲಿ ಚೆನ್ನಾಗಿ ಬಡಿಸಬಲ್ಲರು. ಚೆನ್ನಾಗಿ ಬಡಿಸಿದವರೇ ಚೆನ್ನಾಗಿ ಉಣ್ಣಬಲ್ಲರು. ಈ ವಿದ್ಯೆಯಲ್ಲಿ ಮನೆಯ ತಾಯಿಯನ್ನು ಮೀರಿಸುವವರು ಸಿಗಲಾರರು. ಆಟಕ್ಕೆ ಕುಳಿತ ಮೊದಲ ದಿನವೇ ಅವಳು ಗೆದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಸೋಲುವವನು ಹತ್ತು ವರ್ಷದ ಮಗ. ತನ್ನ ಸರದಿಯಲ್ಲಿ ಕೈಗೆ ಬಂದುದನ್ನು ಬಡಿಸಿ, ಮೂರು ಸಲವೂ ಒಣ ಮೆಣಸಿನಕಾಯಿಯ ಪಾಲೇ ಉಳಿದಾಗ ಅವನು ಕೂಗಿಕೊಳ್ಳದೆ ಇರಲಾರ: “ಛಲೋದೆಲ್ಲ ನೀವ ತಗೊಂಡ್ರಿ! ನನಗೇನ ಉಳೀತು?”

ಆ ಪ್ರಶ್ನೆಗೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಅಪ್ಪ ಕತ್ತು ತಗ್ಗಿಸಿ ಎಲೆ ಜೋಡಿಸಿಕೊಂಡಾನು, ಅವ್ವ ನಕ್ಕಾಳು. ಅದೇ ರಾತ್ರಿ ಊಟಕ್ಕೆ ಕುಳಿತಾಗ ಮಗನ ಕಣ್ಣು ಒಮ್ಮೆಯಾದರೂ ಎಣ್ಣೆಗಾಯಿಯ ಪಾತ್ರೆಯ ತಳದ ಕಡೆಗೆ ಹರಿದರೆ ಆಟ ತನ್ನ ಕೆಲಸವನ್ನು ಮಾಡಿದಂತೆ. ಉಪದೇಶದಿಂದ ಬಾರದ ತಿಳಿವಳಿಕೆ ಕೆಲವೊಮ್ಮೆ ಸೋತ ಆಟದಿಂದ ಬರುವುದುಂಟು.

ಕಡೆಯ ಸುತ್ತಿಗೆ ಎಳ್ಳಮಾವಾಸ್ಯೆಯೆಂದು ಹೆಸರಿಡಬಹುದು. ಆ ದಿನ ಈ ಸೀಮೆಯ ಮನೆಗಳಲ್ಲಿ ಒಲೆ ಬೆಳಗಿನಿಂದಲೇ ಹೊತ್ತಿರುತ್ತದೆ. ಸಜ್ಜೆರೊಟ್ಟಿ, ಭಜ್ಜಿಪಲ್ಯ, ಕಡುಬುಗಳ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ತಾವು ಉಣ್ಣುವ ಮೊದಲು ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಕೊಟ್ಟ ನೆಲಕ್ಕೆ ಮೊದಲ ತುತ್ತು. ಆಟದಲ್ಲಿಯೂ ಅಂಕ ಎಣಿಸುವ ಮೊದಲು ಪ್ರತಿಯೊಬ್ಬರೂ ತಮ್ಮ ಮುಂದಿನ ಎಲೆಗಳಲ್ಲಿ ಒಂದನ್ನು ನಡುವೆ ಇಡಬೇಕು. ಅದು ಹೊಲದ್ದು, ಲೆಕ್ಕಕ್ಕಿಲ್ಲ. ಒಳ್ಳೆಯದನ್ನು ಕೊಟ್ಟವರಿಗೆ ಹೆಚ್ಚು ಅಂಕವೆಂದು ನಿಯಮ ಮಾಡಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಮಾಡಬಾರದು. ಅಂಕಕ್ಕಾಗಿ ಕೊಟ್ಟರೆ ಅದು ಚರಗವಲ್ಲ, ವ್ಯಾಪಾರ. ಶರಣಬಸವೇಶ್ವರರ ದಾಸೋಹದ ಹೆಸರನ್ನು ಇಂದಿಗೂ ನೆನೆಯುವ ಸೀಮೆಯ ಮಕ್ಕಳಿಗೆ ಇಷ್ಟು ಭೇದ ತಿಳಿಯದೆ ಹೋಗದು. ಒಬ್ಬ ಹೋಳಿಗೆ ಇಟ್ಟಾನು. ಇನ್ನೊಬ್ಬ ಬೇಡದ ಮೆಣಸಿನಕಾಯಿಯನ್ನು ಇಟ್ಟು ೨ ಅಂಕದ ದಂಡವನ್ನೂ ಉಳಿಸಿಕೊಂಡಾನು. ನಿಯಮ ಇಬ್ಬರನ್ನೂ ತಡೆಯದು. ಯಾರು ಏನಿಟ್ಟರೆಂಬುದನ್ನು ಮನೆಯವರೆಲ್ಲ ನೋಡುತ್ತಿರುತ್ತಾರೆ, ಅಷ್ಟು ಸಾಕು.

ಉಳಿದುದು ಚಿತ್ರದ ಮಾತು. ಮುದ್ದಾದುದಕ್ಕೆ ಜಪಾನಿಗರು ‘ಕವಾಯಿ’ ಎನ್ನುತ್ತಾರೆ. ೧೯೭೪ರಲ್ಲಿ ಹುಟ್ಟಿದ ‘ಹಲೋ ಕಿಟ್ಟಿ’ ಎಂಬ ಬಿಳಿಯ ಗೊಂಬೆಯಿಂದ ಅದು ಲೋಕಕ್ಕೆಲ್ಲ ಪರಿಚಿತವಾಯಿತು. ಅದರ ಗುಟ್ಟು ದೊಡ್ಡದೇನಲ್ಲ: ದುಂಡು ಮೈ, ಅಗಲವಾಗಿ ದೂರದೂರ ಇಟ್ಟ ಕಣ್ಣು, ಚಿಕ್ಕ ಬಾಯಿ, ಆದಷ್ಟು ಕಡಿಮೆ ಗೆರೆ. ಜೋಳದ ರೊಟ್ಟಿಗೆ ಮುಖ ಬರೆಯುವವರು ಜಪಾನಿನ ಚಿತ್ರವನ್ನು ನೋಡಿ ನಕಲು ಮಾಡಬೇಕಾಗಿಲ್ಲ; ಹಂಚಿನಿಂದ ಇಳಿದ ರೊಟ್ಟಿಯನ್ನು ನೋಡಿದರೆ ಸಾಕು. ಮೈ ಆಗಲೇ ದುಂಡಗಿದೆ. ಬೆಂದ ಕಂದು ಚುಕ್ಕೆಗಳು ಕಣ್ಣಾಗಲು ಕಾಯುತ್ತಿವೆ. ಉಬ್ಬಿ ಬಿರಿದ ಅಂಚು ನಗುವಂತೆಯೇ ಇದೆ. ಎಣ್ಣೆಗಾಯಿಗೆ ತೊಟ್ಟೇ ಟೊಪ್ಪಿಗೆ. ಖಡಕ್ ರೊಟ್ಟಿಗೆ ಮಾತ್ರ ಸ್ವಲ್ಪ ಬಿಗಿದ ಮುಖ ಒಪ್ಪೀತು, ಹೆಸರಿಗೆ ತಕ್ಕಂತಿರಬೇಡವೆ? ನಮ್ಮ ಗಂಜೀಫಾದಂತೆ ಎಲೆಗಳನ್ನು ದುಂಡಗೆ ಕತ್ತರಿಸಿದರೆ ಅಂದ ಹೆಚ್ಚೀತು. ಆದರೆ ಮಕ್ಕಳ ಕೈಗೆ ಕಲಸಲು ಚೌಕನೆಯದೇ ಸುಲಭ.

ಇದಕ್ಕೆ ಅಚ್ಚುಕೂಟ ಬೇಡ, ಬಂಡವಾಳ ಬೇಡ. ಪ್ರತಿ ಮನೆಯಲ್ಲಿಯೂ ಮದುವೆ ಮುಂಜಿಗಳ ಹಳೆಯ ಲಗ್ನಪತ್ರಿಕೆಗಳ ಕಟ್ಟೊಂದು ಇದ್ದೇ ಇರುತ್ತದೆ. ಒಂದೇ ದಪ್ಪದವನ್ನು ಆರಿಸಿ, ಒಂದೇ ಅಳತೆಗೆ ಕತ್ತರಿಸಿ, ಬೆನ್ನಿಗೆ ಒಂದೇ ಬಣ್ಣದ ಕಾಗದ ಅಂಟಿಸಿದರೆ ೬೦ ಎಲೆಗಳು ಸಿದ್ಧ. ಬೆನ್ನು ಒಂದೇ ಬಗೆಯಾಗಿರಬೇಕೆಂಬುದನ್ನು ಮರೆಯಬಾರದು. ಇಲ್ಲವಾದರೆ ಎರಡನೆಯ ಆಟಕ್ಕೇ ಮಕ್ಕಳು ಹೋಳಿಗೆಯನ್ನು ಹಿಂದಿನಿಂದಲೇ ಗುರುತಿಸಿಬಿಡುತ್ತಾರೆ. ಮೇಲೆ ಹೇಳಿದ ಅಂಕಗಳೂ ಶಿಲಾಶಾಸನವಲ್ಲ. ನಾಲ್ಕು ಸಲ ಆಡಿ ನೋಡಿ, ಪುಂಡಿಪಲ್ಯವನ್ನು ಯಾರೂ ಮುಟ್ಟದಿದ್ದರೆ ಅದಕ್ಕೆ ಒಂದಂಕ ಏರಿಸಬಹುದು. ಹೋಳಿಗೆ ಸಿಕ್ಕವರೇ ಪ್ರತಿಸಲವೂ ಗೆಲ್ಲುತ್ತಿದ್ದರೆ ಒಂದಂಕ ಇಳಿಸಬಹುದು. ಆಟ ಹೂಡುವುದೆಂದರೆ ಮುಖ್ಯವಾಗಿ ಈ ಏರಿಸಿ ಇಳಿಸುವ ಕೆಲಸವೇ. ಉಪ್ಪು ನೋಡಿ ಹಾಕಿದಂತೆ.

ಕರಾವಳಿಯವರು ಇದನ್ನೇ ಕಡುಬು ಪತ್ರೊಡೆಗಳಿಗೆ ಹೊಂದಿಸಿಕೊಳ್ಳಬಹುದು. ಹಳೆಯ ಮೈಸೂರಿನವರು ಮುದ್ದೆ ಬಸ್ಸಾರುಗಳಿಗೆ. ತಿನಿಸು ಯಾವುದಾದರೂ ಸರಿಯೆ. ಬಡಿಸುವವರ ಸರದಿಯೊಂದನ್ನು ಮಾತ್ರ ತೆಗೆಯದಿದ್ದರೆ ಸಾಕು.